ವರದೆಯ ತಗ್ಗು ಗದ್ದೆಗಳಿಗೆ ನೆರೆಗುಳಿ ಭತ್ತವನ್ನು ಮರಳಿ ತಂದ ಬಗೆ

ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ಸೊರಬ, ಬನವಾಸಿಗಳ ಕಡೆಯಿಂದ ಹಾವೇರಿ ಜಿಲ್ಲೆಯತ್ತ ಹರಿಯುವ ದಾರಿಯಲ್ಲಿ, ಮಳೆ ಬಲಿತ ಮೇಲೆ ದಂಡೆಯ ತಗ್ಗು ಗದ್ದೆಗಳ ಮೇಲೆಲ್ಲ ಹರಡಿಕೊಳ್ಳುತ್ತದೆ. ನೀರು ಒಂದೆರಡು ದಿನಕ್ಕೆ ಇಳಿದರೆ ಹೆಚ್ಚಿನ ಭತ್ತಗಳು ಚೇತರಿಸಿಕೊಳ್ಳುತ್ತವೆ. ವಾರಗಟ್ಟಲೆ ನಿಂತರೆ ಅಂಗಡಿಯಿಂದ ತಂದ ಗಿಡ್ಡ ತಳಿಗಳು ಕೊಳೆತು ಹೋಗುತ್ತವೆ. ಇಂಥ ಗದ್ದೆಗಳಿಗೆಂದೇ ನಮ್ಮ ಹಿರಿಯರು ನೆರೆಗುಳಿ, ನೆಟ್ಟಿಜಡ್ಡು, ಕರಿಜಡ್ಡು, ಎಡಿಕುಣಿ ಎಂಬ ಭತ್ತಗಳನ್ನು ಇಟ್ಟುಕೊಂಡಿದ್ದರು. ಸುತ್ತಲಿನ ಕೆಲವು ಮನೆಯವರು ಸೇರಿ ಈ ಬೀಜಗಳನ್ನು ಮತ್ತೆ ಬಿತ್ತನೆಗೆ ತಂದ ಕೆಲಸದಲ್ಲಿ ನಾನು ಮೊದಲಿನಿಂದಲೂ ಇದ್ದೇನೆ. ಇದೇ ಕೆಲಸಕ್ಕೆ ಕೈಹಾಕಬೇಕೆಂದಿರುವವರಿಗೆ ಅನುಕೂಲವಾಗಲೆಂದು ನಾವು ಮಾಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಬೀಜ ಹುಡುಕುವಾಗ ನಾವು ದೊಡ್ಡ ಹಿಡುವಳಿಯವರ ಮನೆಗೆ ಹೋಗಲಿಲ್ಲ. ಊರಿನಲ್ಲಿ ಎಲ್ಲಕ್ಕಿಂತ ತಗ್ಗಿನ, ಯಾರಿಗೂ ಬೇಡವಾದ ಗದ್ದೆ ಯಾರದೆಂದು ವಿಚಾರಿಸಿಕೊಂಡು ಅವರ ಮನೆ ಬಾಗಿಲಿಗೆ ಹೋದೆವು. ಅಲ್ಲಿ ಬೇರೆ ತಳಿ ಬಾಳುವುದಿಲ್ಲವಾದ್ದರಿಂದ ಹಳೆಯ ಬೀಜ ಅನಿವಾರ್ಯವಾಗಿಯೇ ಉಳಿದಿತ್ತು. ಮಾತನಾಡಬೇಕಾದದ್ದು ಮನೆಯ ಹೆಂಗಸರೊಂದಿಗೆ ಎಂಬುದೂ ಬೇಗ ತಿಳಿಯಿತು. ಬೀಜ ಆರಿಸಿ, ಒಣಗಿಸಿ, ಎತ್ತಿಡುವವರು ಅವರೇ. ಹೆಸರನ್ನು ನಂಬಿ ಬೀಜ ಒಯ್ಯುವಂತಿಲ್ಲ. ಒಂದೇ ಹೆಸರಿನಲ್ಲಿ ಎರಡು ಊರಿನಲ್ಲಿ ಎರಡು ಭತ್ತ ಸಿಕ್ಕಿದ್ದುಂಟು. ಒಬ್ಬ ಅಜ್ಜಿ ನಮ್ಮ ಕೈಯಲ್ಲಿದ್ದ ಕಾಳುಗಳನ್ನು ಅಂಗೈ ಮೇಲೆ ಹರಡಿ, ತುದಿಯ ಬಣ್ಣ ನೋಡಿ, ಒಂದೆರಡನ್ನು ಉಗುರಿನಿಂದ ಸುಲಿದು ಅಕ್ಕಿಯ ಕೆಂಪನ್ನು ಬೆಳಕಿಗೆ ಹಿಡಿದು, "ಇದು ನಮ್ಮನೆ ನೆರೆಗುಳಿ ಅಲ್ಲ ಮಗಾ, ಇದರಲ್ಲಿ ಬೇರೆ ಸೇರಿದೆ" ಎಂದು ಬೆರಕೆ ಕಾಳುಗಳನ್ನು ಒಂದೊಂದಾಗಿ ಬದಿಗೆ ಸರಿಸಿದರು. ಅಂದಿನಿಂದ ಪ್ರತಿಯೊಂದು ಬೀಜಕ್ಕೂ ಒಂದು ಪುಟ ಮೀಸಲಿಟ್ಟು ಯಾರ ಮನೆಯದು, ಎಂಥ ಗದ್ದೆಯದು, ಸಿಪ್ಪೆಯ ಬಣ್ಣ, ಕಾಳಿನ ಮೀಸೆ, ಗಿಡದ ಎತ್ತರ, ಹೂ ಬರುವ ಕಾಲ, ಅಕ್ಕಿಯ ಬಣ್ಣ, ಯಾವ ಅಡುಗೆಗೆ ಹೊಂದುತ್ತದೆ ಎಂಬುದನ್ನೆಲ್ಲ ಬರೆದಿಡುತ್ತಿದ್ದೇವೆ.

ಬೀಜಕ್ಕೆಂದು ಬೆಳೆಯುವ ಪಾತಿಯೇ ಬೇರೆ, ಊಟಕ್ಕೆ ಬೆಳೆಯುವ ಗದ್ದೆಯೇ ಬೇರೆ. ನೆರೆ ಬರುವಷ್ಟರಲ್ಲಿ ಗಿಡಕ್ಕೆ ಬಲ ಬಂದಿರಬೇಕಾದ್ದರಿಂದ ಗದ್ದೆಗೆ ಮುಂಗಾರು ಹಿಡಿಯುವ ಮೊದಲೇ ಕೂರಿಗೆಯಲ್ಲಿ ಬಿತ್ತುತ್ತೇವೆ. ಬೀಜದ ಪಾತಿಯಲ್ಲಿ ಮಾತ್ರ ಒಂದು ಗುಣಿಗೆ ಒಂದೇ ಸಸಿ ನೆಡುತ್ತೇವೆ. ಎರಡು ಮೂರು ಸಸಿ ಒಟ್ಟಿಗೆ ನೆಟ್ಟರೆ ಬೆರಕೆ ಗಿಡ ಒಳಗೇ ಅಡಗಿಬಿಡುತ್ತದೆ. ಭತ್ತ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಹೊರಗಿನ ಪರಾಗ ತಗಲುವುದು ಬಹಳ ಕಡಿಮೆ. ಆದ್ದರಿಂದ ಬೀಜ ಪ್ರಮಾಣೀಕರಣದ ನಿಯಮದಲ್ಲಿ ತಳಿ ತಳಿಯ ನಡುವೆ 3 ಮೀಟರ್ ಅಂತರ ಸಾಕೆಂದಿದೆ. ಅಷ್ಟು ಜಾಗವಿಲ್ಲದ ಕಡೆ ಹೂ ಬರುವ ಕಾಲ ಬೇರೆ ಬೇರೆಯಾದ ತಳಿಗಳನ್ನು ಅಕ್ಕಪಕ್ಕ ಹಾಕುತ್ತೇವೆ.

ಬೆರಕೆ ಕೀಳುವುದು ಒಂದು ಸಲದ ಕೆಲಸವಲ್ಲ. ತೆಂಡೆ ಒಡೆಯುವಾಗ, ಅಂದರೆ ಬುಡದಿಂದ ಮರಿಗಳು ಏಳುವಾಗ, ಬುಡದ ಬಣ್ಣ ನೋಡಿ, ಹೂ ಬರುವಾಗ ಎತ್ತರ ಮತ್ತು ಕಾಲ ನೋಡಿ, ಕಾಳು ಬಲಿತಾಗ ಸಿಪ್ಪೆ ಮತ್ತು ಮೀಸೆ ನೋಡಿ ಕೀಳಬೇಕು. ಭೂಮಿ ಹುಣ್ಣಿಮೆಯ ಬೆಳಗಿನಲ್ಲಿ ಹೊಡೆ ತುಂಬಿದ ಗದ್ದೆಗೆ ಚರಗ ಬೀರಲು ಮನೆಮಂದಿಯೆಲ್ಲ ಹೋಗುವ ಪದ್ಧತಿ ನಮ್ಮಲ್ಲಿದೆ. ಆ ಹೊತ್ತಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುವವರ ಕಣ್ಣಿಗೆ ಎದ್ದು ಕಾಣುವ ಗಿಡಗಳಿಗೆ ಬಾಳೆನಾರು ಕಟ್ಟಿ ಗುರುತಿಟ್ಟು, ಮರುದಿನ ಕೀಳುತ್ತೇವೆ.

ಕಟಾವಿನಲ್ಲಿ ನಾನು ಎಂದೂ ಸಡಿಲ ಬಿಡದ ಒಂದು ಕಟ್ಟುನಿಟ್ಟಿದೆ: ಬೀಜದ ಪಾತಿಗೆ ಕಟಾವು ಯಂತ್ರ ಇಳಿಸುವಂತಿಲ್ಲ. ಹತ್ತಾರು ಗದ್ದೆ ಸುತ್ತಿ ಬಂದ ಯಂತ್ರದ ಹೊಟ್ಟೆಯಲ್ಲಿ ಹಿಂದಿನ ಗದ್ದೆಯ ಕಾಳು ಉಳಿದಿರುತ್ತದೆ. ವರ್ಷವಿಡೀ ಬೆರಕೆ ಕಿತ್ತ ಶ್ರಮ ಅರ್ಧ ಗಂಟೆಯಲ್ಲಿ ಹಾಳಾಗುತ್ತದೆ. ಪಾತಿಯ ನಡುವಿನ ಒಳ್ಳೆಯ ತೆನೆಗಳನ್ನು ಮೊದಲು ಆರಿಸಿ, ಉಳಿದದ್ದನ್ನು ಕುಡುಗೋಲಿನಿಂದ ಕೊಯ್ದು, ಗುಡಿಸಿದ ಅಂಗಳದಲ್ಲಿ ತಳಿಗೊಂದು ದಿನದಂತೆ ಬಡಿಯುತ್ತೇವೆ. ಎಳೆ ಬಿಸಿಲಿನಲ್ಲಿ ಒಣಗಿಸಿದ ಕಾಳು ಹಲ್ಲಿಗೆ ಟಕ್ಕೆಂದು ಮುರಿಯಬೇಕು. ಬೀಜದ ತೇವ 13 ಶೇಕಡಾ ಮೀರಬಾರದೆಂಬ ಅಧಿಕೃತ ಲೆಕ್ಕಕ್ಕೆ ಈ ಹಲ್ಲಿನ ಪರೀಕ್ಷೆ ಬಹುಮಟ್ಟಿಗೆ ಹೊಂದುತ್ತದೆ. ಬಿತ್ತನೆಗೆ ಮುಂಚೆ 100 ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸುತ್ತೇವೆ. 80ಕ್ಕಿಂತ ಕಡಿಮೆ ಬಂದರೆ ಆ ಬೀಜವನ್ನು ಯಾರಿಗೂ ಕೊಡುವುದಿಲ್ಲ. ಕೆಲವು ನಾಡ ತಳಿಗಳ ಕಾಳು ಕೊಯ್ದ ಮೇಲೆ ಕೆಲವು ವಾರ ಸುಪ್ತವಾಗಿರುವುದರಿಂದ, ಕೊಯ್ದ ಕೂಡಲೇ ಪರೀಕ್ಷಿಸಿ ಬೀಜ ಕೆಟ್ಟಿದೆಯೆಂದು ತೀರ್ಮಾನಿಸಬಾರದು.

ಇಷ್ಟೆಲ್ಲ ಮಾಡಿದರೂ ಒಂದೇ ಮನೆಯಲ್ಲಿರುವ ಬೀಜ ಸುರಕ್ಷಿತವಲ್ಲ. ಒಂದು ವರ್ಷದ ಇಲಿ, ಒಂದು ಮದುವೆ, ಒಂದು ಕಾಯಿಲೆ ಸಾಕು, ತಳಿ ಇಲ್ಲವಾಗುತ್ತದೆ. ನಮ್ಮ ಸಂಪರ್ಕದಲ್ಲಿರುವ ಪ್ರತಿ ತಳಿಯೂ ಕನಿಷ್ಠ ಮೂರು ಮನೆಗಳಲ್ಲಿ, ಸಾಧ್ಯವಾದರೆ ಮೂರು ಊರುಗಳಲ್ಲಿ, ಪ್ರತಿ ವರ್ಷವೂ ಮಣ್ಣಿಗೆ ಬೀಳಬೇಕೆಂಬುದು ನಾವು ಮಾಡಿಕೊಂಡ ಮುಖ್ಯ ನಿಯಮ. ಒಂದು ಸೇರು ಒಯ್ದವರು ಬೆಳೆ ಬಂದ ಮೇಲೆ ಎರಡು ಸೇರು ಮರಳಿಸುತ್ತಾರೆ. ನೆರೆಯಲ್ಲಿ ಬೆಳೆ ಹೋದವರಿಂದ ಏನನ್ನೂ ಕೇಳುವುದಿಲ್ಲ, ಮರುವರ್ಷ ಮತ್ತೆ ಕೊಡುತ್ತೇವೆ. ಹೀಗೆ ಬೀಜ ಹಂಚಿಕೊಳ್ಳುವುದು ಕಾನೂನಿಗೆ ವಿರುದ್ಧವೇ ಎಂದು ಹೊಸಬರು ಕೇಳುವುದುಂಟು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೆ.

ಬೀಜ ಉಳಿಯುವುದಕ್ಕೆ ಅದರ ಅನ್ನ ಉಣ್ಣುವವರಿರಬೇಕು. ಇಲ್ಲಿ ನಮಗೆ ಎದುರಾದ ದೊಡ್ಡ ತೊಡಕು ಅಕ್ಕಿ ಗಿರಣಿ. ಒಂದೆರಡು ಚೀಲ ಕೆಂಪು ಭತ್ತಕ್ಕಾಗಿ ಯಂತ್ರವನ್ನು ಸ್ವಚ್ಛ ಮಾಡಲು ಗಿರಣಿಯವರು ಒಪ್ಪುವುದಿಲ್ಲ. ಕೆಲವು ಮನೆಗಳ ಭತ್ತವನ್ನು ಒಟ್ಟುಗೂಡಿಸಿ ಒಂದೇ ದಿನ ಒಯ್ಯಲಾರಂಭಿಸಿದ ಮೇಲೆ ದಾರಿ ಸಿಕ್ಕಿತು. ಗಂಜಿಗೆ, ಕಡುಬಿಗೆ ಈ ಅಕ್ಕಿಯೇ ಬೇಕೆನ್ನುವ ಮನೆಗಳು ಈಗ ಇವೆ. ಉದ್ದನೆಯ ಹುಲ್ಲು ದನಕರುಗಳಿಗೆ ಆಗುತ್ತದೆ. ಇಳುವರಿಯ ಬಗ್ಗೆ ನಾನು ಯಾರಿಗೂ ಸುಳ್ಳು ಹೇಳುವುದಿಲ್ಲ: ನೆರೆ ಬಾರದ ವರ್ಷ, ಎತ್ತರದ ಗದ್ದೆಯಲ್ಲಿ, ಗಿಡ್ಡ ತಳಿಗಳೇ ಹೆಚ್ಚು ಕೊಡುತ್ತವೆ. ನೆರೆ ನಿಂತು ಹೋದ ಗದ್ದೆಯಲ್ಲಿ ನೆರೆಗುಳಿಯ ಹೊರ ಎಲೆಗಳೆಲ್ಲ ಕೊಳೆತರೂ ಬುಡದಿಂದ ಹೊಸ ಸುಳಿ ಏಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಗುಣ ಸಣ್ಣದಲ್ಲ. ಒಡಿಶಾದ ನಾಡ ತಳಿಯೊಂದರಿಂದ ಆಯ್ದ ಎಫ್‌ಆರ್ 13ಎ ಎಂಬ ಭತ್ತದಲ್ಲಿದ್ದ ಸಬ್1 ವಂಶವಾಹಿಯನ್ನು ಸ್ವರ್ಣ ತಳಿಗೆ ಸೇರಿಸಿ, ಸುಮಾರು ಎರಡು ವಾರ ಮುಳುಗಿದರೂ ಬದುಕುವ ಸ್ವರ್ಣ ಸಬ್1 ತಳಿಯನ್ನು 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆ ಮಾಡಲಾಯಿತು. ಆ ನಾಡ ತಳಿಯನ್ನು ಒಡಿಶಾದ ರೈತರು ಕೈಬಿಟ್ಟಿದ್ದರೆ ವಿಜ್ಞಾನಿಗಳ ಕೈಗೆ ಆ ಗುಣ ಎಲ್ಲಿಂದ ಸಿಗುತ್ತಿತ್ತು? ಕುಮಟಾದ ಮಾಣಿಕಟ್ಟೆಯ ಗಜನಿ ಗದ್ದೆಗಳಲ್ಲಿ, ಅಂದರೆ ಸಮುದ್ರದ ಹಿನ್ನೀರು ನುಗ್ಗುವ ಗದ್ದೆಗಳಲ್ಲಿ, ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಬೆಲೆಯೂ ಇಂಥದೇ. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಹಿತ್ತಲಿನ ತರಕಾರಿ ಬೀಜಗಳನ್ನು, ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ನೂರಾರು ಭತ್ತಗಳನ್ನು ಉಳಿಸಿದ್ದಾರೆ. 2024ರಲ್ಲಿ ಪದ್ಮಶ್ರೀ ಪಡೆದ ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರು ಜಾಗದ ಕೊರತೆಯ ನಡುವೆಯೂ ಚೀಲಗಳಲ್ಲಿ ಭತ್ತ ಬೆಳೆಸಿ 650ಕ್ಕೂ ಹೆಚ್ಚು ತಳಿಗಳನ್ನು ಕಾಪಾಡಿದವರು. ನಾಲ್ಕಾರು ತಳಿ ಹಿಡಿದುಕೊಂಡ ನಮ್ಮಂಥವರಿಗೆ ಇವರ ಕೆಲಸ ದೊಡ್ಡ ಧೈರ್ಯ.

ಸದ್ಯ ನೆರೆಗುಳಿಯೂ ನೆಟ್ಟಿಜಡ್ಡುವೂ ಮೂರು ಮನೆಯ ಗಡಿ ದಾಟಿವೆ. ಕರಿಜಡ್ಡು ಮಾತ್ರ ನಮಗೆ ಗೊತ್ತಿರುವ ಮಟ್ಟಿಗೆ ಒಂದೇ ಮನೆಯಲ್ಲಿದೆ, ಆ ಮನೆಯ ಯಜಮಾನರಿಗೆ ವಯಸ್ಸಾಗಿದೆ. ಬರುವ ಕೂರಿಗೆ ಬಿತ್ತನೆಗೆ ಅದನ್ನು ಇನ್ನೆರಡು ತಗ್ಗು ಗದ್ದೆಗಳಿಗೆ ದಾಟಿಸಬೇಕಿದ್ದು, ಒಂದು ಗದ್ದೆ ಗೊತ್ತಾಗಿದೆ, ಮತ್ತೊಂದನ್ನು ಹುಡುಕುತ್ತಿದ್ದೇವೆ.