ಊರಲ್ಲೊಂದು ಕ್ರಿಕೆಟ್ ಟೂರ್ನಮೆಂಟ್: ಎರಡು ದಿನ, ಆರು ತಂಡ, ಜಗಳವಿಲ್ಲದೆ ನಡೆಸುವುದು ಹೇಗೆ?

ರಾಗಿ ಕೊಯ್ಲು ಮುಗಿದು ಸಂಕ್ರಾಂತಿಗೆ ಇನ್ನೂ ದಿನ ಇರುವ ಹೊತ್ತಲ್ಲಿ ಕೋಲಾರದ ಹಳ್ಳಿ ಹುಡುಗರಿಗೆ ಸ್ವಲ್ಪ ಬಿಡುವು. ಬಂಗಾರಪೇಟೆ, ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರೂ ಶನಿವಾರ, ಭಾನುವಾರ ಕೈಗೆ ಸಿಗುತ್ತಾರೆ. ಊರ ಟೂರ್ನಮೆಂಟಿಗೆ ಇದೇ ಸರಿಯಾದ ಕಾಲ. ಬೇಸಿಗೆ ಬಂತೆಂದರೆ ಶ್ರೀನಿವಾಸಪುರದ ಕಡೆ ಮಾವಿನ ಕೆಲಸ ಶುರು. ಮಾರ್ಚಿನಲ್ಲಿ ಪರೀಕ್ಷೆ. ಆಮೇಲೆ ಹನ್ನೊಂದು ಜನ ಸೇರಿಸುವುದೇ ಕಷ್ಟ.

ವೈಡಾ ಅಲ್ವಾ, ಆ ಹುಡುಗ ಯಾವ ಊರಿನವನು, ಬಾಲು ತೆಂಗಿನಮರಕ್ಕೆ ತಗುಲಿದರೆ ಎಷ್ಟು ರನ್ನು? ಹಳ್ಳಿ ಟೂರ್ನಮೆಂಟು ಕೆಡುವುದು ಇಂಥ ಮಾತುಗಳಿಂದಲೇ. ಆಟ ನಿಲ್ಲಿಸಿ ಇವನ್ನು ತೀರ್ಮಾನಿಸಲು ಕೂತರೆ ಭಾನುವಾರ ಫೈನಲ್ ನಡೆಯುವುದಿಲ್ಲ. ಹಾಗಾಗಿ ಶುಕ್ರವಾರ ಸಂಜೆಯೊಳಗೆ ಎಲ್ಲವೂ ಕಾಗದದ ಮೇಲೆ ಇರಬೇಕು.

ಮೊದಲು ಮೈದಾನ

ಹಿಂದೆಲ್ಲ ಈ ಚಿಂತೆ ಇರಲಿಲ್ಲ. ಒಣಗಿದ ಕೆರೆ ಅಂಗಳವೇ ಮೈದಾನ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರಲು ಶುರುವಾದ ಮೇಲೆ ಎಷ್ಟೋ ಕೆರೆಗಳು ತುಂಬಿವೆ. ಹುಡುಗರು ದಡಕ್ಕೆ ಬಂದಿದ್ದಾರೆ. ಈಗ ಉಳಿದಿರುವುದು ಶಾಲೆ ಮೈದಾನ, ಗೋಮಾಳ, ಇಲ್ಲವೇ ಕೊಯ್ಲಾದ ಯಾರದಾದರೂ ಹೊಲ. ಶಾಲೆಯದಾದರೆ ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿಗೂ (ಎಸ್‌ಡಿಎಂಸಿ) ಪತ್ರ ಕೊಡಿ. ಗೋಮಾಳವಾದರೆ ಪಂಚಾಯಿತಿಯಲ್ಲಿ ಕೇಳಿ. ಹೊಲದವರಿಗೆ ಬಾಯಿಮಾತಲ್ಲಿ ಹೇಳಿದರೆ ಸಾಲದು. ಎಷ್ಟು ದಿನ, ಎಲ್ಲಿಯವರೆಗೆ ವಾಹನ ಬರುತ್ತದೆ ಅಂತ ತೋರಿಸಿ ಒಪ್ಪಿಸಿ. ಮೈಕ್ ಹಾಕುವುದಿದ್ದರೆ ಪೊಲೀಸ್ ಠಾಣೆಯ ಅನುಮತಿ ಬೇಕು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮೈಕ್ ಹಾಕುವಂತಿಲ್ಲ.

ಮೈದಾನ ಸಿಕ್ಕ ಮೇಲೆ ಸುತ್ತಲೂ ಒಂದು ಸಲ ನಡೆಯಿರಿ. ನಮ್ಮ ಕಡೆ ನೀರಿಲ್ಲದ ಹಳೆ ಬಾವಿಗಳು, ಫೇಲಾದ ಬೋರ್‌ವೆಲ್‌ಗಳು ಜಾಸ್ತಿ. ಹುಡುಗ ಕ್ಯಾಚಿಗೆ ಓಡುವಾಗ ಕಣ್ಣು ಮೇಲಿರುತ್ತದೆ, ಕಾಲ ಕೆಳಗೆ ಇರುವುದಿಲ್ಲ. ತೆರೆದ ಬೋರ್‌ವೆಲ್ ಕಂಡರೆ ಮುಚ್ಚಿಸದೆ ಆಟ ಶುರು ಮಾಡಬೇಡಿ. ಬಾವಿಯ ಕಡೆ ಬೌಂಡರಿಯನ್ನು ಒಳಕ್ಕೆ ತನ್ನಿ, ಮಧ್ಯೆ ಮುಳ್ಳು ಬೇಲಿ ಹಾಕಿ. ಒಂದು ಕಡೆ ಬೌಂಡರಿ ಚಿಕ್ಕದಾದರೆ ಆಗಲಿ.

ಪಿಚ್: ಕಣ ಮಾಡಿದವರನ್ನು ಕರೆಯಿರಿ

ಇದಕ್ಕೆ ಕನಿಷ್ಠ ಒಂದು ವಾರ ಬೇಕು. ಪಿಚ್ಚನ್ನು ಉತ್ತರ-ದಕ್ಷಿಣವಾಗಿ ಹಾಕಿ. ಪೂರ್ವ-ಪಶ್ಚಿಮಕ್ಕೆ ಹಾಕಿದರೆ ಬೆಳಗ್ಗೆ ಒಂದು ತುದಿಯಲ್ಲಿ, ಸಂಜೆ ಇನ್ನೊಂದು ತುದಿಯಲ್ಲಿ ಬ್ಯಾಟ್ಸ್‌ಮನ್ ಕಣ್ಣಿಗೆ ನೇರ ಬಿಸಿಲು ಹೊಡೆಯುತ್ತದೆ.

ನಮ್ಮ ಕೆಂಪು ಮಣ್ಣಿನಲ್ಲಿ ಕಲ್ಲು ತುಂಬ. ಹತ್ತಡಿ ಅಗಲಕ್ಕೆ ಮೇಲ್ಮಣ್ಣು ಕೆರೆದು ಕಲ್ಲು ಆರಿಸಿ. ಮೇಲೆ ಜರಡಿ ಹಿಡಿದ ಕೆರೆ ಜೇಡಿಮಣ್ಣನ್ನು ಎರಡು ಇಂಚಿನಷ್ಟು ಹರಡಿ. ಸಂಜೆ ನೀರು ಚಿಮುಕಿಸಿ, ಇಡೀ ರಾತ್ರಿ ಇಂಗಲು ಬಿಡಿ. ಬೆಳಗ್ಗೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಗುರುತು ಬಿದ್ದು ಬೆರಳಿಗೆ ಮಣ್ಣು ಅಂಟದಿದ್ದರೆ ಅದೇ ರೋಲರ್ ಎಳೆಯುವ ಹದ. ಅಂಟಿದರೆ ಇನ್ನೂ ಕಾಯಿರಿ, ಇಲ್ಲದಿದ್ದರೆ ಮಣ್ಣೆಲ್ಲ ರೋಲರಿಗೇ ಮೆತ್ತಿಕೊಂಡು ಎದ್ದುಬರುತ್ತದೆ. ಪುಡಿಯಾದರೆ ಮತ್ತೆ ನೀರು ಹಾಕಿ. ಹೀಗೆ ಮೂರು ನಾಲ್ಕು ದಿನ ಮಾಡಿದರೆ ನೆಲ ಗಟ್ಟಿಯಾಗುತ್ತದೆ.

ರೋಲರ್ ಇಲ್ಲ ಅನ್ನುವ ಊರಲ್ಲೂ ರಾಗಿ ಕಣದಲ್ಲಿ ಉರುಳಿಸುತ್ತಿದ್ದ ಕಲ್ಲಿನ ಗುಂಡು ಎಲ್ಲೋ ಒಂದು ಕಡೆ ಬಿದ್ದಿರುತ್ತದೆ. ಅದನ್ನು ತನ್ನಿ. ಕಣ ಕಟ್ಟಿ ಗೊತ್ತಿರುವ ಒಬ್ಬ ತಾತನನ್ನೂ ಕರೆತನ್ನಿ. ನೀರಿನ ಹದ, ಗುಂಡಿನ ಭಾರ, ಕೊನೆಗೆ ಧೂಳೇಳದಂತೆ ತೆಳುವಾಗಿ ಸಗಣಿ ಸಾರಿಸುವುದು, ಇದೆಲ್ಲ ಅವರ ಕೈಗೆ ಗೊತ್ತು. ಪಿಚ್ಚಿಗೂ ಬೇಕಾದ್ದು ಇಷ್ಟೇ.

ಅಳತೆಗೆ ಹೆಜ್ಜೆ ಹಾಕಬೇಡಿ, ಮೇಸ್ತ್ರಿಯ ಹತ್ತಿರ ಟೇಪು ಇಸ್ಕೊಳ್ಳಿ. ಸ್ಟಂಪಿನಿಂದ ಸ್ಟಂಪಿಗೆ 22 ಗಜ, ಅಂದರೆ 66 ಅಡಿ. ಸ್ಟಂಪಿನ ಎತ್ತರ 28 ಇಂಚು, ಮೂರೂ ಸೇರಿ ಅಗಲ 9 ಇಂಚು. ಸ್ಟಂಪಿನ ಮುಂದೆ 4 ಅಡಿಗೆ ಕ್ರೀಸ್. ನಡು ಸ್ಟಂಪಿನಿಂದ ಆಚೀಚೆ ಸುಮಾರು ಮೂರಡಿಗೆ ಒಂದೊಂದು ವೈಡ್ ಗೆರೆ. ಎಡಗೈ ಬ್ಯಾಟ್ಸ್‌ಮನ್ ಬಂದಾಗ ಇನ್ನೊಂದು ಕಡೆಯ ಗೆರೆ ಬೇಕಾಗುತ್ತದೆ. ಗೆರೆಗೆ ರಂಗೋಲಿ ಪುಡಿ ಸಾಕು. ಸುಟ್ಟ ಸುಣ್ಣ ಬೇಡವೇ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ.

ಎಷ್ಟು ತಂಡ, ಎಷ್ಟು ಓವರ್?

ಹದಿನಾರು ತಂಡ ಕರೆದು ನಾಕೌಟ್ ಆಡಿಸಿದರೆ ಎಂಟ್ರಿ ಫೀ ಜಾಸ್ತಿ ಬರುತ್ತದೆ, ನಿಜ. ಆದರೆ ಮುಳಬಾಗಿಲ ಕಡೆಯಿಂದ ಟೆಂಪೊ ಮಾಡಿಕೊಂಡು ಬಂದ ಹುಡುಗರು ಒಂದು ಗಂಟೆ ಆಡಿ ವಾಪಸ್ ಹೋಗಬೇಕಾಗುತ್ತದೆ. ನನ್ನ ಪ್ರಕಾರ ಆರು ತಂಡ ಸಾಕು. ಮೂರು ಮೂರರ ಎರಡು ಗುಂಪು ಮಾಡಿ. ಪ್ರತಿ ತಂಡಕ್ಕೂ ಎರಡು ಪಂದ್ಯ ಖಾತ್ರಿ.

ಟೆನ್ನಿಸ್ ಬಾಲಿನಲ್ಲಿ ಓವರಿಗೆ ನಾಲ್ಕು ನಿಮಿಷ ಹಿಡಿಯಿರಿ. ಎಂಟು ಓವರಿನ ಪಂದ್ಯದಲ್ಲಿ ಎರಡೂ ಕಡೆ ಸೇರಿ 64 ನಿಮಿಷ. ಟಾಸು, ನೀರು, ತಂಡ ಬದಲಾವಣೆ ಎಲ್ಲ ಸೇರಿ ಒಂದೂಕಾಲು ಗಂಟೆ. ಶನಿವಾರ ಆರು ಪಂದ್ಯಕ್ಕೆ ಏಳೂವರೆ ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ. ಎಂಟೂವರೆಗೆ ಶುರು ಮಾಡಿದರೆ ಪೌನೆ ಐದಕ್ಕೆ ಮುಗಿಯುತ್ತದೆ. ಅದಕ್ಕೂ ಮುಂಚೆ ಶುರು ಮಾಡಬೇಡಿ. ಡಿಸೆಂಬರಿನಲ್ಲಿ ಇಬ್ಬನಿ ಆರದ ನೆಲಕ್ಕೆ ಬಿದ್ದ ಬಾಲು ಬೌಲರ್ ಕೈಯಿಂದ ಜಾರುತ್ತದೆ. ಭಾನುವಾರ ಬೆಳಗ್ಗೆ ಎರಡು ಸೆಮಿಫೈನಲ್, ಮಧ್ಯಾಹ್ನ ಎರಡಕ್ಕೆ ಹತ್ತು ಓವರಿನ ಫೈನಲ್.

ಒಂದು ಗುಂಪಿನ ಮೂರು ತಂಡಗಳೂ ಒಂದೊಂದು ಗೆದ್ದರೆ ನೆಟ್ ರನ್ ರೇಟ್ ನೋಡಬೇಕು. ಓವರಿಗೆ ಹೊಡೆದ ರನ್ನಿನಿಂದ ಓವರಿಗೆ ಬಿಟ್ಟುಕೊಟ್ಟ ರನ್ ಕಳೆಯುವುದು. 16 ಓವರಿನಲ್ಲಿ 144 ಹೊಡೆದು, 16 ಓವರಿನಲ್ಲಿ 128 ಕೊಟ್ಟಿದ್ದರೆ 9ರಲ್ಲಿ 8 ಹೋಗಿ ಒಂದು. ಹೆಚ್ಚಿನವರು ತಪ್ಪುವುದು ಆಲೌಟಿನಲ್ಲಿ. ಆರೇ ಓವರಿಗೆ 48ಕ್ಕೆ ಎಲ್ಲರೂ ಔಟಾದರೆ ಪೂರ್ತಿ ಎಂಟು ಓವರಿಗೇ ಭಾಗಿಸಬೇಕು. ರೇಟು 6 ಆಗುತ್ತದೆ, 8 ಅಲ್ಲ. ಈ ಲೆಕ್ಕವನ್ನು ನಾಯಕರಿಗೆ ಮೊದಲೇ ಬರೆದು ತೋರಿಸಿ.

ನಿಯಮದ ಹಾಳೆ

ಒಂದೇ ಪುಟ ಸಾಕು. ಒಬ್ಬ ಬೌಲರಿಗೆ ಎರಡೇ ಓವರ್. ಎಲ್‌ಬಿಡಬ್ಲ್ಯೂ ಇಲ್ಲ. ನೋಬಾಲಿಗೆ ಫ್ರೀ ಹಿಟ್ ಇದೆಯೋ ಇಲ್ಲವೋ. ಮರ, ಕರೆಂಟ್ ತಂತಿ, ಶಾಲೆ ಗೋಡೆಗೆ ಬಾಲು ತಗುಲಿದರೆ ಏನು. ಬಾಲು ಕಳೆದರೆ ಅಷ್ಟೇ ಹಳೆಯ ಬಾಲು, ಹೊಸದಲ್ಲ. ಟೈ ಆದರೆ ಸೂಪರ್ ಓವರ್. ಅದೂ ಟೈ ಆದರೆ? 2019ರ ವಿಶ್ವಕಪ್ ಫೈನಲ್ ಹಾಗೇ ಆಗಿ, ಇಂಗ್ಲೆಂಡ್ ಬೌಂಡರಿ ಲೆಕ್ಕದಲ್ಲಿ ಗೆದ್ದಿದ್ದು ನೆನಪಿದೆಯಲ್ಲ. ನ್ಯೂಜಿಲೆಂಡಿನವರ ಮುಖ ನೋಡಲಾಗಲಿಲ್ಲ. ಆಮೇಲೆ ಐಸಿಸಿ ಆ ನಿಯಮವನ್ನೇ ತೆಗೆಯಿತು. ನೀವೂ ಇನ್ನೊಂದು ಸೂಪರ್ ಓವರ್ ಆಡಿಸಿ.

ಎಲ್ಲಕ್ಕಿಂತ ದೊಡ್ಡ ಜಗಳ ಬಾಡಿಗೆ ಆಟಗಾರರದ್ದು. ಊರಿನ ತಂಡ ಅಂದ ಮೇಲೆ ಊರಿನವರೇ ಆಡಬೇಕು. ಕೆಲಸಕ್ಕೆ ಹೊರಗಿದ್ದರೂ ಮನೆ ಊರಲ್ಲಿದ್ದರೆ ಸರಿ. ಬುಧವಾರದೊಳಗೆ ಹದಿಮೂರು ಹೆಸರಿನ ಪಟ್ಟಿ ತರಿಸಿಕೊಂಡು ಎಲ್ಲ ನಾಯಕರ ವಾಟ್ಸಾಪ್ ಗ್ರೂಪಿಗೆ ಹಾಕಿ. ತಕರಾರಿದ್ದರೆ ಗುರುವಾರದೊಳಗೆ ಹೇಳಬೇಕು. ಶುಕ್ರವಾರ ನಾಯಕರನ್ನೆಲ್ಲ ಕೂರಿಸಿ ಹಾಳೆಯನ್ನು ಜೋರಾಗಿ ಓದಿ, ಸಹಿ ಹಾಕಿಸಿ. ಗಡಿ ಊರಿನ ತಂಡಗಳಿದ್ದರೆ ತೆಲುಗಿನಲ್ಲೂ ಒಂದು ಸಲ ಹೇಳಿ.

ಅಂಪೈರ್ ಮತ್ತು ಸ್ಕೋರರ್

ಬ್ಯಾಟಿಂಗ್ ತಂಡದವರೇ ಅಂಪೈರಾಗಿ ನಿಲ್ಲುವ ಪದ್ಧತಿ ಟೂರ್ನಮೆಂಟಿಗೆ ಬೇಡ. ಅದೇ ಗುಂಪಿನ ಮೂರನೇ ತಂಡದವರೂ ಬೇಡ. ಆ ಪಂದ್ಯ ಯಾರು ಗೆಲ್ಲುತ್ತಾರೆ ಅನ್ನುವುದರ ಮೇಲೆ ಅವರ ಸೆಮಿಫೈನಲ್ ನಿಂತಿರುತ್ತದೆ. ಒಂದು ಗುಂಪು ಆಡುವಾಗ ಇನ್ನೊಂದು ಗುಂಪಿನವರು ನಿಲ್ಲಲಿ. ಸೆಮಿಫೈನಲ್, ಫೈನಲಿಗೆ ಆಟ ಬಿಟ್ಟ ಹಿರಿಯ ಆಟಗಾರರನ್ನು ಕರೆದು, ಊಟ ಹಾಕಿ, ಕೈಗೆ ಒಂದಿಷ್ಟು ಹಣವನ್ನೂ ಕೊಡಿ. ಇಡೀ ದಿನ ಬಿಸಿಲಲ್ಲಿ ನಿಂತು ಬೈಸಿಕೊಳ್ಳುವ ಕೆಲಸ ಅದು. ಸುಮ್ನೆ ಮಾಡಿಸಿಕೊಳ್ಳುವುದು ಸರಿಯಲ್ಲ.

ಸ್ಕೋರ್ ಬರೆಯಲು ಇಬ್ಬರು ಇರಲಿ. ಒಬ್ಬರು ಕ್ರಿಕ್‌ಹೀರೋಸ್ ಆ್ಯಪಿನಲ್ಲಿ, ಒಬ್ಬರು ಪುಸ್ತಕದಲ್ಲಿ. ಮೊಬೈಲ್ ಚಾರ್ಜ್ ಮುಗಿದರೂ ಪುಸ್ತಕ ಇರುತ್ತದೆ. ಪ್ರತಿ ಓವರ್ ಆದ ಮೇಲೆ ಇಬ್ಬರೂ ಮೊತ್ತ ಹೇಳಿ ತಾಳೆ ನೋಡಿಕೊಂಡು ಶಾಲೆಯ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆಯಲಿ. ಪಂದ್ಯದ ಕೊನೆಗೆ ಬ್ಯಾಟ್ಸ್‌ಮನ್‌ಗಳ ರನ್ನಿಗೆ ಎಕ್ಸ್‌ಟ್ರಾ ಕೂಡಿಸಿ. ಬೌಲರುಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಕೂಡಿಸಿ. ಎರಡೂ ಒಂದೇ ಬಂದರೆ ಲೆಕ್ಕ ಸರಿ.

ಊಟ, ನೀರು, ಔಷಧಿ

ಮಧ್ಯಾಹ್ನಕ್ಕೆ ಚಿತ್ರಾನ್ನ, ಮಜ್ಜಿಗೆ ಸಾಕು. ಮುದ್ದೆ ತಿಂದು ಫೀಲ್ಡಿಂಗಿಗೆ ಇಳಿಯುವುದು ಕಷ್ಟ. ದೂರದ ತಂಡ ಶನಿವಾರ ರಾತ್ರಿ ಉಳಿದರೆ ಆಗ ಮುದ್ದೆ, ಹಿತಕಿದ ಬೇಳೆ ಸಾರು ಹಾಕಿ. ಅವರೆಕಾಯಿ ಕಾಲ, ಊರಿನ ಮನೆಗಳಿಂದಲೇ ಕಾಯಿ ಬರುತ್ತದೆ. ಐಸ್, ಹತ್ತಿ, ಬ್ಯಾಂಡೇಜ್ ಸ್ಕೋರರ್ ಮೇಜಿನ ಮೇಲೇ ಇರಲಿ. ಒಂದು ಕಾರು ಖಾಲಿ ಇರಲಿ, ಕೀ ಯಾರ ಹತ್ತಿರ ಇದೆ ಅಂತ ಎಲ್ಲರಿಗೂ ಗೊತ್ತಿರಲಿ. ತಲೆಗೆ ಪೆಟ್ಟಾದವನು ‘ಏನಿಲ್ಲ ಅಣ್ಣ, ಆಡ್ತೀನಿ’ ಅಂದರೂ ಆಡಿಸಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಆ ಕಾರಿನಲ್ಲೇ ಆಸ್ಪತ್ರೆಗೆ ಕಳಿಸಿ. ಹೆಲ್ಮೆಟ್, ಪ್ಯಾಡ್, ಗಾರ್ಡ್ ಎಲ್ಲರಿಗೂ ಇಲ್ಲದಿದ್ದರೆ ಲೆದರ್ ಬಾಲಿನ ಯೋಚನೆಯನ್ನೇ ಬಿಡಿ.

ಭಾನುವಾರ ಸಂಜೆ

ಬಹುಮಾನ ಕೊಡುವಾಗ ಭಾಷಣ ಚಿಕ್ಕದಿರಲಿ, ಟೆಂಪೊದವರು ಕತ್ತಲಾಗುವ ಮೊದಲು ಊರು ಸೇರಬೇಕು. ಪಿಚ್ ಮಾಡಿದವರ ಹೆಸರನ್ನೂ ಮೈಕಿನಲ್ಲಿ ಹೇಳಿ. ಅದೇ ಸಂಜೆ ಗೂಟ, ಹಗ್ಗ, ನೀರಿನ ಪೌಚು ಎಲ್ಲ ಆರಿಸಿ, ಸೋಮವಾರ ಪ್ರಾರ್ಥನೆಗೆ ಮಕ್ಕಳು ಬರುವಷ್ಟರಲ್ಲಿ ಮೈದಾನ ಮೊದಲಿನಂತೆ ಆಗಿರಬೇಕು. ಎಂಟ್ರಿ ಫೀ ಎಷ್ಟು ಬಂತು, ಬಾಲಿಗೆ, ಅಂಪೈರಿಗೆ, ಊಟಕ್ಕೆ, ಕಪ್ಪಿಗೆ ಎಷ್ಟು ಹೋಯಿತು ಅಂತ ಬರೆದು ಅದೇ ವಾಟ್ಸಾಪ್ ಗ್ರೂಪಿಗೆ ಹಾಕಿ. ಹಣ ಉಳಿದಿದ್ದರೆ ಮೊದಲು ಒಂದು ಜೊತೆ ಒಳ್ಳೆ ಸ್ಟಂಪು, ಎರಡು ಹೆಲ್ಮೆಟ್ ತಂದಿಡಿ.