ನಾಲ್ಕು ಕುರಿ, ಎರಡು ಕಡ್ಡಿ: ಪುಣೆಯ ಆಸುಪಾಸು ಕುರಿ ಸಾಕಿ ಮನೆಮಂದಿಗೆ ಉಣ್ಣೆ ಹೆಣೆಯುವ ಬಗೆ

ಹೊಸ ಕಂಬಳಿಯನ್ನು ಕೆನ್ನೆಗೆ ಒತ್ತಿ ನೋಡಿ, "ಈ ಉಣ್ಣೆಯಲ್ಲಿ ಟೋಪಿ ಹೆಣೆದರೆ ಯಾರು ಹಾಕ್ಕೋತಾರೆ?" ಎಂದು ಕೈಬಿಡುವವರೇ ಹೆಚ್ಚು. ಆದರೆ ಹೊಸ ಕಂಬಳಿ ಸೆಟೆದು ನಿಲ್ಲುವುದಕ್ಕೆ ಉಣ್ಣೆಯೊಂದೇ ಕಾರಣವಲ್ಲ. ನೇಯುವ ಮೊದಲು ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಬಳಿದಿರುತ್ತಾರೆ, ಆ ಬಿರುಸು ಅದರದ್ದು. ಹಾಗೆಂದು ನಮ್ಮ ದಖನಿ ಕುರಿಯ ಉಣ್ಣೆ ಮೃದುವೆಂದೂ ಹೇಳುವಂತಿಲ್ಲ. ಅದರ ಎಳೆಯ ದಪ್ಪ ಹೆಚ್ಚುಕಡಿಮೆ 50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). 30 ಮೈಕ್ರಾನ್ ದಾಟಿದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಚುಚ್ಚುತ್ತದೆ. ಮೆರಿನೋ ಕುರಿಯ ಉಣ್ಣೆ ಮೈಮೇಲೆ ಹಿತವಾಗಿರುವುದು ಅದರ ಎಳೆ 24ಕ್ಕಿಂತ ಕೆಳಗಿರುವುದರಿಂದ. ಆದ್ದರಿಂದ ಯಾವ ಉಣ್ಣೆ ಕೊರಳಿಗೆ, ಯಾವುದು ಕಾಲಿಗೆ, ಯಾವುದು ಕೈಚೀಲಕ್ಕೆ ಎಂಬುದನ್ನು ಕಡ್ಡಿ ಹಿಡಿಯುವ ಬಹಳ ಮೊದಲೇ, ಕುರಿಯ ಮೈಮೇಲೆ ಉಣ್ಣೆ ಇರುವಾಗಲೇ ತೀರ್ಮಾನಿಸಬೇಕು.

ದಖನಿಯಲ್ಲೂ ಮೃದುವಾದ ಉಣ್ಣೆ ಸಿಗುತ್ತದೆ. ಮರಿಯ ಮೊದಲ ಕತ್ತರಿಯ ಉಣ್ಣೆ ಅದು. ಇಲ್ಲಿನ ಕುರಿಗಾರರಾದ ಧನಗರರು ಅದನ್ನು ಜಾವಳ ಎನ್ನುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ, ಮಗುವಿನ ಜವಳ ತೆಗೆಯುವುದು ಎನ್ನುತ್ತೇವಲ್ಲ, ಅದೇ ಜವಳ. ಮರಿಯ ಎಳೆಯ ತುದಿ ಅದುವರೆಗೆ ಕತ್ತರಿ ಕಂಡಿರುವುದಿಲ್ಲ, ಹುಟ್ಟುವಾಗಿನ ಹಾಗೆ ಸಣ್ಣಗೆ ಮೊನಚಾಗಿಯೇ ಇರುತ್ತದೆ. ಟೋಪಿಗೂ ಮಫ್ಲರಿಗೂ ಅದನ್ನೇ ಎತ್ತಿಡಿ.

ಎಲ್ಲಿ, ಎಷ್ಟು ಕುರಿ

ಮುಳಶಿ, ಮಾವಳ, ಲೋಣಾವಳ ಕಡೆ ಜಾಗವಿದ್ದರೆ ಉಣ್ಣೆಯ ಕುರಿಯ ಯೋಚನೆ ಬಿಡಿ. ಅಲ್ಲಿ ಮಳೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಉಣ್ಣೆ ಬುಡದಲ್ಲಿ ಒಣಗದೆ ಕೊಳೆತು ಹಳದಿಗಟ್ಟುತ್ತದೆ, ನೊಣ ಕೂತು ಹುಳ ಬೀಳುತ್ತದೆ, ಗೊರಸಿನ ಸಂದು ಕೊಳೆಯುತ್ತದೆ. ಪೂರ್ವದ ಒಣ ಸೀಮೆ, ಅಂದರೆ ಶಿರೂರು, ದೌಂಡ್, ಬಾರಾಮತಿ, ಇಂದಾಪುರ, ಪುರಂದರದ ಪೂರ್ವ ಭಾಗ ದಖನಿಗೆ ಸರಿ. ಕುರಿಯನ್ನು ಸಂತೆಗಿಂತ ಜೇಜುರಿ ಸುತ್ತಲಿನ ಹಟ್ಟಿಗಳಲ್ಲಿ ಕೊಳ್ಳುವುದು ಮೇಲು, ಏಕೆಂದರೆ ಅಲ್ಲಿ ತಾಯಿಯ ಉಣ್ಣೆಯನ್ನು ಮುಟ್ಟಿ ನೋಡಬಹುದು. ಜೇಜುರಿ ಖಂಡೋಬಾನ ಊರು, ನಮ್ಮ ಮೈಲಾರಲಿಂಗನೇ ಅವರ ಖಂಡೋಬಾ. ಮಾತು ಶುರುವಾಗಲು ಅಷ್ಟು ಸಾಕು.

ಲೆಕ್ಕ ಹೀಗೆ. ಒಂದು ದಖನಿಯಿಂದ ಒಂದು ಕತ್ತರಿಗೆ ಸಿಗುವುದು 400ರಿಂದ 450 ಗ್ರಾಂ ಹಸಿ ಉಣ್ಣೆ. ತೊಳೆದು, ಹೊಟ್ಟೆ ಮತ್ತು ತೊಡೆಯ ಉಣ್ಣೆ ಬಿಟ್ಟು, ಕಸ ಆರಿಸಿದರೆ ನೂಲಲು ಉಳಿಯುವುದು 200 ಗ್ರಾಂ ಆಸುಪಾಸು. ವರ್ಷಕ್ಕೆ ಎರಡು ಕತ್ತರಿ. ನಾಲ್ಕು ಕುರಿಯಿದ್ದರೆ ವರ್ಷಕ್ಕೆ ಒಂದೂವರೆ ಕಿಲೋ ನೂಲು. ಒಂದು ಟೋಪಿಗೆ 90 ಗ್ರಾಂ, ಮಫ್ಲರಿಗೆ 200, ದಪ್ಪ ಕಾಲುಚೀಲದ ಜೋಡಿಗೆ 120 ಹಿಡಿಯಿರಿ. ಐದಾರು ಮಂದಿಯ ಮನೆಗೆ ನಾಲ್ಕು ಕುರಿ ಧಾರಾಳ. ಜವಳ ಮಾತ್ರ ತೀರ ಕಡಿಮೆ, ಎರಡು ಮೂರು ಮರಿಯದು ಸೇರಿದರೆ ಒಂದು ಟೋಪಿ.

ದೊಡ್ಡ ಕುರಿಗೆ ತಲಾ 10ರಿಂದ 12 ಚದರಡಿ ನೆರಳು, ಅದರ ಎರಡರಷ್ಟು ಬಯಲು ಬೇಕು. ನೆಲ ಗರಸಿನದಾಗಿರಲಿ, ಸುತ್ತಲಿಗಿಂತ ಒಂದಡಿ ಎತ್ತರವಿರಲಿ. ಮೇವಿನ ಗೋದಲಿಯನ್ನು ಕುರಿಯ ಎದೆಯ ಮಟ್ಟಕ್ಕೆ ಕಟ್ಟಿ. ಎತ್ತರಕ್ಕೆ ಕಟ್ಟಿದರೆ ಹೊಟ್ಟು, ಕಡ್ಡಿ ಎಲ್ಲ ಕೊರಳ ಉಣ್ಣೆಯ ಮೇಲೆ ಉದುರುತ್ತದೆ, ಅದನ್ನು ಆರಿಸುವುದು ಕೊನೆಯಿಲ್ಲದ ಕೆಲಸ.

ದಿನಕ್ಕೆ ಎರಡೂವರೆ ಕಿಲೋ ಹಸಿ ಮೇವು, ಅರ್ಧ ಕಿಲೋ ಜೋಳದ ಕಣಿಕೆ ಇಲ್ಲವೇ ತೊಗರಿ ಹೊಟ್ಟು, ಗಬ್ಬದ ಕುರಿಗೆ ಮೇಲೆ 200 ಗ್ರಾಂ ಹಿಂಡಿ. ದನದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬೇಡಿ. ಅದರಲ್ಲಿನ ತಾಮ್ರ ಕುರಿಯ ಯಕೃತ್ತಿನಲ್ಲಿ ಕೂಡುತ್ತಾ ಹೋಗಿ ಒಂದು ದಿನ ಜೀವಕ್ಕೇ ಎರವಾಗುತ್ತದೆ. ಕಾಲು ತೊಳೆಸುವ ಹೊಂಡಕ್ಕೂ ಮೈಲುತುತ್ತು ಬೇಡ, ಅದೂ ತಾಮ್ರದ್ದೇ. 10 ಲೀಟರ್ ನೀರಿಗೆ ಒಂದು ಕಿಲೋ ಸತುವಿನ ಸಲ್ಫೇಟ್ ಕರಗಿಸಿ ಅದರಲ್ಲಿ ನಿಲ್ಲಿಸಿ. ಕರುಳುಬೇನೆಯ ಚುಚ್ಚುಮದ್ದು ಮಳೆಗೆ ಮೊದಲೇ ಆಗಬೇಕು. ಪಿಪಿಆರ್ (ಕುರಿ, ಮೇಕೆಗಳ ಪ್ಲೇಗು) ಚುಚ್ಚುಮದ್ದು, ಜಂತಿನ ಔಷಧಿಗೆ ಪಶು ದವಾಖಾನೆಯಲ್ಲಿ ದಿನ ಗೊತ್ತುಮಾಡಿಕೊಳ್ಳಿ.

ಉಣ್ಣೆಯ ಜಾಗದಲ್ಲಿ ಕುರಿಯ ಆರೋಗ್ಯದ ಮಾತೇಕೆ ಎನ್ನಬೇಡಿ. ಕುರಿಗೆ ನಾಲ್ಕು ದಿನ ಜ್ವರ ಬಂದರೆ, ಬೇಸಿಗೆಯಲ್ಲಿ ಒಂದು ವಾರ ಮೇವು ತಪ್ಪಿದರೆ, ಆ ದಿನಗಳಲ್ಲಿ ಬೆಳೆದ ಎಳೆಯ ಭಾಗ ಸಣಕಲಾಗುತ್ತದೆ. ಕತ್ತರಿಸುವ ಮೊದಲು ಪರೀಕ್ಷಿಸಿ. ಭುಜದ ಮೇಲಿಂದ ಪೆನ್ಸಿಲ್ ದಪ್ಪದ ಒಂದು ಜುಟ್ಟು ತೆಗೆದು, ಎರಡು ತುದಿಯನ್ನೂ ಬಿಗಿಯಾಗಿ ಹಿಡಿದು, ಕಿವಿಯ ಹತ್ತಿರ ತಂದು ಒಮ್ಮೆ ಫಕ್ಕನೆ ಜಗ್ಗಿ. ತಂತಿ ಮೀಟಿದಂತೆ ಟಿಣ್ಣೆಂದರೆ ಉಣ್ಣೆ ಗಟ್ಟಿ. ಚರಚರ ಎಂದು ನಡುವೆ ಒಂದೇ ಮಟ್ಟದಲ್ಲಿ ಹರಿದರೆ ಆ ಉಣ್ಣೆಯನ್ನು ನೂಲಬೇಡಿ. ಎಷ್ಟು ಚೆನ್ನಾಗಿ ನೂತರೂ ಅದು ತುಂಡಾಗುತ್ತದೆ, ಹೆಣೆದ ಮೇಲೆ ಗುಂಡುಗುಂಡಾಗಿ ಉದುರುತ್ತದೆ. ದಿಂಬಿಗೆ ತುಂಬಿ.

ಕತ್ತರಿ

ಶಿವರಾತ್ರಿ ಕಳೆದು ಚಳಿ ಹೋದ ಮೇಲೆ ಒಂದು, ದಸರೆ ಮುಗಿದು ಮಳೆ ನಿಂತ ಮೇಲೆ ಇನ್ನೊಂದು. ಎರಡು ದಿನ ಮೊದಲು ಕುರಿಯನ್ನು ನೀರಿಗಿಳಿಸಿ ಮೈ ತಿಕ್ಕಿ, ಪೂರ್ತಿ ಒಣಗಲು ಬಿಡಿ. ಒದ್ದೆ ಉಣ್ಣೆ ಕತ್ತರಿಸಿ ಕಟ್ಟಿಟ್ಟರೆ ಒಳಗೇ ಬಿಸಿಯಾಗಿ ಕೆಡುತ್ತದೆ. ಹಿಂದಿನ ರಾತ್ರಿ ಮೇವು ಹಾಕಬೇಡಿ, ಹೊಟ್ಟೆ ತುಂಬಿದ ಕುರಿಯನ್ನು ಮಗ್ಗುಲಿಗೆ ಕೆಡವಿದರೆ ಉಸಿರು ಕಟ್ಟುತ್ತದೆ. ಮೊದಲ ವರ್ಷ ಹಟ್ಟಿಯವರನ್ನೇ ಕರೆಸಿ, ಅವರ ಕೈ ನೋಡಿ ಕಲಿಯಿರಿ.

ನೋಡಬೇಕಾದ್ದು ಮುಖ್ಯವಾಗಿ ಒಂದೇ: ಕತ್ತರಿ ಚರ್ಮಕ್ಕೆ ತಾಗಿಯೇ ಹೋಗಬೇಕು, ಒಂದು ಜಾಗಕ್ಕೆ ಒಂದೇ ಸಲ. ಎತ್ತರದಲ್ಲಿ ಕತ್ತರಿಸಿ, ಉಳಿದ ಮೋಟನ್ನು ಮತ್ತೆ ಸವರಿದರೆ ಅರ್ಧ ಇಂಚಿನ ತುಣುಕುಗಳು ಉಣ್ಣೆಯಲ್ಲಿ ಬೆರೆಯುತ್ತವೆ. ಅವು ನೂಲಿನಲ್ಲಿ ಗಂಟಾಗಿ ಕೂರುತ್ತವೆ, ಕೊರಳಿಗೆ ಚುಚ್ಚುವುದರಲ್ಲೂ ಮೊದಲು ಅವೇ. ಕತ್ತರಿಸುತ್ತಲೇ ನಾಲ್ಕು ಗುಡ್ಡೆ ಮಾಡಿ. ಜವಳ ಬೇರೆ. ಭುಜ ಮತ್ತು ಪಕ್ಕೆಯದು ಎರಡನೆಯದು, ಕಾಲುಚೀಲಕ್ಕೆ. ಬೆನ್ನಿನದು ಬಿಸಿಲಿಗೆ ತುದಿ ಕೆಂಪಾಗಿರುತ್ತದೆ, ಚೀಲಕ್ಕೆ. ತೊಡೆ ಮತ್ತು ಹೊಟ್ಟೆಯದು ಕೂರುವ ಮಣೆಯ ಹಾಸಿಗೆ.

ತೊಳೆಯುವುದು

ಅರ್ಧ ಕಿಲೋ ಉಣ್ಣೆಗೆ 15 ಲೀಟರ್ ನೀರು, ಬಿಸಿ 60 ಡಿಗ್ರಿ. ಕೈ ಅದ್ದಿದರೆ ಕೂಡಲೇ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ ಅದು. ಬೋರ್‌ವೆಲ್ ನೀರು ಗಡಸಾಗಿರುವುದರಿಂದ ಬಟ್ಟೆ ಸೋಪು ಅದರಲ್ಲಿ ಒಡೆದು ಎಳೆಗೆ ಜಿಡ್ಡಾಗಿ ಅಂಟುತ್ತದೆ. 100 ಗ್ರಾಂ ಅಂಟುವಾಳದ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಕುದಿಸಿ ಸೋಸಿ ಹಾಕಿ, ಗಡಸು ನೀರಲ್ಲೂ ಅದು ಒಡೆಯುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಮೂರು ಚಮಚ ಹಾಕಿದರೂ ನಡೆಯುತ್ತದೆ. ವಾಷಿಂಗ್ ಸೋಡಾ ಬೇಡ, ಉಣ್ಣೆ ಹಳದಿಯಾಗಿ ಒರಟಾಗುತ್ತದೆ.

ಉಣ್ಣೆಯನ್ನು ನೀರಿನೊಳಗೆ ಮೆಲ್ಲಗೆ ಒತ್ತಿ 20 ನಿಮಿಷ ಹಾಗೇ ಬಿಡಿ. ಕಲಕಬೇಡಿ, ತಿಕ್ಕಬೇಡಿ, ಹಿಂಡಬೇಡಿ. ಪ್ರತಿ ಎಳೆಯ ಮೇಲೂ ಮೀನಿನ ಹಾಗೆ ಪರೆ ಇರುತ್ತದೆ. ಬಿಸಿಯಲ್ಲಿ ಅದು ತೆರೆದುಕೊಳ್ಳುತ್ತದೆ, ಆಗ ಅಲುಗಾಡಿಸಿದರೆ ಒಂದರ ಪರೆ ಇನ್ನೊಂದಕ್ಕೆ ಸಿಕ್ಕಿ ಇಡೀ ಉಣ್ಣೆ ಮುದ್ದೆಯಾಗುತ್ತದೆ. ಬಿಡಿಸಲು ಆಗುವುದೇ ಇಲ್ಲ. ಬಿಸಿಯಿಂದ ತೆಗೆದು ತಣ್ಣೀರಿಗೆ ಹಾಕಿದರೂ ಇದೇ ಗತಿ, ಆದ್ದರಿಂದ ಜಾಲಿಸುವ ನೀರೂ ಅಷ್ಟೇ ಬಿಸಿಯಿರಬೇಕು. ಇನ್ನೊಮ್ಮೆ ತೊಳೆದು, ಎರಡು ಸಲ ಜಾಲಿಸಿ, ಸೊಳ್ಳೆಪರದೆಯ ಮೇಲೆ ನೆರಳಲ್ಲಿ ಹರಡಿ.

ಹಿಂಜಿ ನೂಲುವುದು

ಒಣಗಿದ ಉಣ್ಣೆಯನ್ನು ಬೆರಳಲ್ಲಿ ಎಳೆಎಳೆಯಾಗಿ ಬಿಡಿಸಿ. ಮುಳ್ಳುಕಾಯಿ, ಹುಲ್ಲಿನ ಸೂಜಿಬೀಜ ಎಲ್ಲ ಇಲ್ಲೇ ಹೋಗಬೇಕು. ಹಿಂಜಲು ನಾಯಿ ಕೂದಲು ಬಾಚುವ ತಂತಿಹಲ್ಲಿನ ಬ್ರಷ್ ಎರಡು ಸಾಕು. ಬಾಚಿದ್ದನ್ನು ಸುರುಳಿ ಸುತ್ತಿ ಹಂಜಿ ಮಾಡಿ. ಮಾರ್ಚ್ ತಿಂಗಳ ಒಣಹವೆಯಲ್ಲಿ ಎಳೆಗಳು ಒಂದನ್ನೊಂದು ದೂಡಿ ಹಾರಾಡುತ್ತವೆ. 100 ಗ್ರಾಂಗೆ ಒಂದು ಚಮಚ ಕೊಬ್ಬರಿ ಎಣ್ಣೆಯನ್ನು ಬಿಸಿನೀರಲ್ಲಿ ಕಲಸಿ ಚಿಮುಕಿಸಿ, ರಾತ್ರಿ ಮುಚ್ಚಿಡಿ.

ಮನೆಯಲ್ಲಿ ಹಳೆಯ ಪೆಟ್ಟಿಗೆ ಚರಕವಿದ್ದರೆ ಅದರಲ್ಲೇ ನೂಲೋಣ ಅನ್ನಿಸುತ್ತದೆ. ಗಾಂಧೀಜಿ ಇದೇ ಪುಣೆಯ ಯೆರವಡಾ ಜೈಲಿನಲ್ಲಿದ್ದಾಗ ರೂಢಿಗೆ ಬಂದ ಚರಕ ಅದು, ಮಾಡಿದ್ದು ಹತ್ತಿಗಾಗಿ. ಗಿಡ್ಡ ಎಳೆಯ ಹತ್ತಿಗೆ ಹುರಿ ಹೆಚ್ಚು ಬೇಕು. ಉಣ್ಣೆಯ ಎಳೆ ಉದ್ದ, ಅಷ್ಟೇ ಹುರಿ ಕೊಟ್ಟರೆ ಸುತ್ತಲಿ ದಾರವಾಗಿಬಿಡುತ್ತದೆ. ಹತ್ತಿಯ ತಕಲಿಯೂ ತೀರ ಹಗುರ. 40 ಗ್ರಾಂ ಆಸುಪಾಸಿನ ಮರದ ಕದಿರು ತೂಗಿಬಿಟ್ಟು ನೂಲಿ. ಎರಡು ಕದಿರಿನ ನೂಲನ್ನು ಒಟ್ಟಿಗೆ ಹಿಡಿದು, ನೂತದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿ ಎರಡೆಳೆ ಮಾಡಿ. ಲಡಿ ಸುತ್ತಿ ಒಂದು ಕೈಯಲ್ಲಿ ತೂಗಿಬಿಟ್ಟಾಗ ಅದು ನೆಟ್ಟಗೆ ನೇತಾಡಬೇಕು. ತಾನೇ ತಿರುಚಿಕೊಂಡರೆ ಒಂದು ದಿಕ್ಕಿನ ಹುರಿ ಹೆಚ್ಚಾಗಿದೆ, ಅದರಲ್ಲಿ ಹೆಣೆದ ಬಟ್ಟೆ ಓರೆಯಾಗಿ ಜಗ್ಗುತ್ತದೆ. ಕೊನೆಗೆ ಲಡಿಯನ್ನು ಬೆಚ್ಚನೆ ನೀರಲ್ಲಿ ನೆನೆಸಿ, ನೀರು ಇಳಿಸಿ, ಗೋಡೆಗೆ ನಾಲ್ಕೈದು ಸಲ ಬಡಿದು ಒಣಗಿಸಿ. ಬಡಿದಾಗ ನೂಲು ಉಬ್ಬಿ ಮೃದುವಾಗುತ್ತದೆ.

ಟೋಪಿ

ಪುಣೆಯ ತುಳಶಿಬಾಗ್ ಪೇಟೆಯ ಅಂಗಡಿಯಲ್ಲಿ ಕಡ್ಡಿಯನ್ನು ನಂಬರಿನ ಮೇಲೆ ಕೇಳಬೇಕು. ನಂಬರ್ ಏರಿದಷ್ಟೂ ಕಡ್ಡಿ ಸಣ್ಣದು: 6 ಅಂದರೆ 5 ಮಿಲಿಮೀಟರ್, 8 ಅಂದರೆ 4, 10 ಅಂದರೆ 3.25. ಅವರ ಸುಲಟ, ಉಲಟವೇ ನಮ್ಮ ಸೀದಾ, ಉಲ್ಟಾ.

ನೂಲನ್ನು ಅಳತೆಪಟ್ಟಿಗೆ ಒತ್ತೊತ್ತಾಗಿ ಸುತ್ತಿ. ಒಂದು ಇಂಚಿಗೆ 9–10 ಸುತ್ತು ಬಂದರೆ 6 ನಂಬರ್ ಕಡ್ಡಿ ಸರಿ. 20 ಮನೆ (ಕಡ್ಡಿಯ ಮೇಲಿನ ಒಂದೊಂದು ಕುಣಿಕೆಯೂ ಒಂದು ಮನೆ) ಹಾಕಿ ಅಂಗೈಯಗಲ ಹೆಣೆದು, ತೊಳೆದು ಒಣಗಿಸಿ ಅಳೆಯಿರಿ. 10 ಸೆಂಟಿಮೀಟರಿಗೆ 16 ಮನೆ ಬರಬೇಕು. 14 ಬಂದರೆ ಕಡ್ಡಿ ಸಣ್ಣದು ಮಾಡಿ, 18 ಬಂದರೆ ದಪ್ಪ ಮಾಡಿ. ತೊಳೆಯದೆ ಅಳೆದರೆ ಲೆಕ್ಕ ತಪ್ಪುತ್ತದೆ, ಕೈನೂಲು ನೀರು ಕಂಡಮೇಲೇ ತನ್ನ ನಿಜವಾದ ಅಳತೆಗೆ ಬರುವುದು.

56 ಸೆಂಟಿಮೀಟರ್ ತಲೆಗೆ 50 ಸೆಂಟಿಮೀಟರ್ ಸುತ್ತಳತೆ ಸಾಕು, ಹೆಣಿಗೆ ಹಿಗ್ಗುತ್ತದೆ. 8 ನಂಬರ್ ಕಡ್ಡಿಯಲ್ಲಿ 82 ಮನೆ ಹಾಕಿ. 80 ಟೋಪಿಯದು, 2 ಅಂಚಿನ ಹೊಲಿಗೆಗೆ. ಎರಡು ಸೀದಾ, ಎರಡು ಉಲ್ಟಾದಂತೆ ಸಾಲು ಹೆಣೆದು ಎರಡು ಸೀದಾದಲ್ಲಿ ಮುಗಿಸಿ. ತಿರುಗಿದ ಸಾಲಿನಲ್ಲಿ ಎರಡು ಉಲ್ಟಾದಿಂದ ಶುರು. ಹೀಗೆ 5 ಸೆಂಟಿಮೀಟರ್ ಪಟ್ಟಿ. ಆಮೇಲೆ 6 ನಂಬರಿಗೆ ಬದಲಾಯಿಸಿ, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಬುಡದಿಂದ 15 ಸೆಂಟಿಮೀಟರ್ ಆಗುವವರೆಗೆ.

ಇನ್ನು ನೆತ್ತಿ. ಸೀದಾ ಸಾಲಿನಲ್ಲಿ ಅಂಚಿನ ಒಂದು ಮನೆ ಹೆಣೆದು, 8 ಮನೆ ಸೀದಾ, 2 ಮನೆ ಸೇರಿಸಿ ಒಂದು, ಹೀಗೆ ಎಂಟು ಸಲ, ಕೊನೆಗೆ ಅಂಚಿನ ಮನೆ. 74 ಉಳಿಯುತ್ತದೆ. ಉಲ್ಟಾ ಸಾಲು ಹಾಗೇ. ಮುಂದಿನ ಸೀದಾ ಸಾಲಿನಲ್ಲಿ 7 ಸೀದಾ, 2 ಸೇರಿಸಿ ಒಂದು. ಅದರ ಮುಂದೆ 6, ಆಮೇಲೆ 5. ಪ್ರತಿ ಸಲ ಎಂಟು ಮನೆ ಇಳಿಯುತ್ತಾ 1 ಸೀದಾ, 2 ಸೇರಿಸಿ ಒಂದು ಎಂಬಲ್ಲಿಗೆ ಬಂದಾಗ 18 ಮನೆ ಉಳಿದಿರುತ್ತದೆ. ನಡುವೆ ಲೆಕ್ಕ ಎಂಟರಲ್ಲಿ ಇಳಿಯದಿದ್ದರೆ ಎಲ್ಲೋ ಒಂದು ಮನೆ ಬಿದ್ದಿದೆ, ಮುಂದೆ ಹೋಗದೆ ಅಲ್ಲೇ ಹುಡುಕಿ. ನೂಲನ್ನು ಒಂದು ಮೊಳ ಬಿಟ್ಟು ಕತ್ತರಿಸಿ, ದಪ್ಪ ಸೂಜಿಯಲ್ಲಿ 18 ಮನೆಯನ್ನೂ ಪೋಣಿಸಿ ಬಿಗಿಯಾಗಿ ಎಳೆದು, ಅದೇ ನೂಲಿನಲ್ಲಿ ಹಿಂದಿನ ಅಂಚು ಹೊಲಿದುಬಿಡಿ.

ಜವಳದ ಉಣ್ಣೆಯಾದರೂ ಹಣೆಗೆ ತಾಗುವ ಪಟ್ಟಿಯ ಒಳಗೆ ಹಳೆಯ ಧೋತರದ ಬಟ್ಟೆ ಹೊಲಿಯಿರಿ. ಆರು ಸೆಂಟಿಮೀಟರ್ ಅಗಲದ, ಓರೆಯಾಗಿ ಕತ್ತರಿಸಿದ ಬಟ್ಟೆಯಾದರೆ ಟೋಪಿಯ ಜೊತೆಗೆ ಹಿಗ್ಗುತ್ತದೆ. ಅಜ್ಜ ಅಜ್ಜಿಯರ ಚರ್ಮ ತೆಳು, ಅವರಿಗಂತೂ ಇದು ಬೇಕೇ ಬೇಕು.

ಮಫ್ಲರಿಗೆ ಹೆಚ್ಚು ಹೇಳುವುದೇನಿಲ್ಲ. 32 ಮನೆ, ಎಲ್ಲ ಸಾಲೂ ಸೀದಾ, ಪ್ರತಿ ಸಾಲಿನ ಮೊದಲ ಮನೆಯನ್ನು ಹೆಣೆಯದೆ ದಾಟಿಸಿದರೆ ಅಂಚು ಸರಿಯಾಗಿ ನಿಲ್ಲುತ್ತದೆ. ಒಂದೂವರೆ ಮೀಟರ್.

ಕೂಸುಗಳಿಗೆ ದಖನಿ ಉಣ್ಣೆ ಬೇಡ, ಜವಳವೂ ಬೇಡ. ಅವಕ್ಕೆ ಅಂಗಡಿಯ ಮೆರಿನೋ ಇಲ್ಲವೇ ಹತ್ತಿ ನೂಲು ತನ್ನಿ. ಯಾವ ನೂಲಾದರೂ ಕೂಸಿನ ಕಾಲುಚೀಲ, ಕೈಗವಸಿನ ಒಳಮಗ್ಗುಲಲ್ಲಿ ಬಿಡಿ ಎಳೆ ಒಂದೂ ಇರಕೂಡದು. ಅದು ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟುತ್ತದೆ, ಮಗು ಯಾಕೆ ಅಳುತ್ತಿದೆಯೆಂದು ಹೊರಗಿನಿಂದ ಕಾಣುವುದೂ ಇಲ್ಲ. ಒಳಮಗ್ಗುಲು ತಿರುವಿ, ಬೆರಳಾಡಿಸಿ ನೋಡಿಯೇ ತೊಡಿಸಿ.

ಪುಣೆಯಲ್ಲಿ ಇವೆಲ್ಲ ಬಳಕೆಗೆ ಬರುವುದು ನವೆಂಬರಿನಿಂದ ಫೆಬ್ರವರಿವರೆಗೆ. ಉಳಿದ ತಿಂಗಳು ಉಣ್ಣೆ ತಿನ್ನುವ ಹುಳದಿಂದ ಕಾಯಬೇಕು. ಅದಕ್ಕೆ ಬೆವರು, ಎಣ್ಣೆ ಅಂಟಿದ ಜಾಗವೇ ಇಷ್ಟ, ತೊಳೆಯದೆ ಎತ್ತಿಡಬೇಡಿ. ಬೇವಿನ ಎಲೆ, ಬಜೆಬೇರು ಇಟ್ಟರೆ ಪತಂಗ ದೂರವಿರಬಹುದು, ಆದರೆ ಆಗಲೇ ಇಟ್ಟ ಮೊಟ್ಟೆ ಸಾಯುವುದಿಲ್ಲ. ಒಣಗಿದ ಬಟ್ಟೆಯನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದಾಗ ಚೀಲವನ್ನು ಕೂಡಲೇ ಬಿಚ್ಚಬೇಡಿ, ತಣ್ಣಗಿನ ಉಣ್ಣೆ ಹವೆಯ ತೇವ ಹೀರುತ್ತದೆ. ಒಂದು ದಿನ ಹಾಗೇ ಇಟ್ಟು, ಅದೇ ಚೀಲದಲ್ಲಿ ಟ್ರಂಕಿಗೆ ಹಾಕಿ.