ಕೆಂಡದ ಹತ್ತಿರ ಕೂತು ಓದುವುದು: ಯೋಹಾನ 21

ಮೊದಲೆಲ್ಲ ನಾನು ಬೆಳಗಿನ ಧ್ಯಾನಕ್ಕೆ ಸತ್ಯವೇದದ ಮೂರು ಅಧ್ಯಾಯ ಓದುತ್ತಿದ್ದೆ. ಮಧ್ಯಾಹ್ನಕ್ಕೆ ಏನೂ ನೆನಪಿರುತ್ತಿರಲಿಲ್ಲ. ಈಗ ವಾರಕ್ಕೆ ಒಂದೇ ಭಾಗ. ಹೊಸದಾಗಿ ಹೀಗೆ ಓದುವವರು ಯೋಹಾನನ ಸುವಾರ್ತೆ 21ನೇ ಅಧ್ಯಾಯದ 9ರಿಂದ 17ನೇ ವಚನ ತೆಗೆದುಕೊಳ್ಳಿ. ಸತ್ತು ಎದ್ದುಬಂದ ಯೇಸು, ಮೀನು ಹಿಡಿದು ಬಂದ ಶಿಷ್ಯರಿಗೆ ದಡದಲ್ಲಿ ಊಟ ಕೊಟ್ಟು, ಅವರಲ್ಲಿ ಒಬ್ಬನಾದ ಪೇತ್ರನ ಜೊತೆ ಮಾತಾಡುವ ಭಾಗ ಅದು.

ಮೊದಲ ದಿನ ಸುಮ್ನೆ ಎರಡು ಸಲ ಗಟ್ಟಿಯಾಗಿ ಓದಿ. ಅರ್ಥ ಹುಡುಕಬೇಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಎರಡನೇ ದಿನ, ಅಲ್ಲಿ ಕಣ್ಣಿಗೆ ಕಾಣುವುದನ್ನೆಲ್ಲ ಬರೆಯಿರಿ. ದಡ, ಬಲೆ, 153 ಮೀನು, ರೊಟ್ಟಿ, ಕೆಂಡ. ನಾನು ಕೆಂಡದ ಹತ್ತಿರ ನಿಂತುಬಿಟ್ಟೆ. ಅಮ್ಮನ ಇದ್ದಲ ಒಲೆ ನೆನಪಾಯಿತು. ಆ ವಾಸನೆ ಸೀರೆಗೆ ಹತ್ತಿದರೆ ಒಗೆದರೂ ಹೋಗುತ್ತಿರಲಿಲ್ಲ. ಪೇತ್ರನಿಗೂ ಆ ವಾಸನೆ ಏನೋ ನೆನಪಿಸಿರಬೇಕು, ಅಲ್ವಾ?

ಮೂರನೇ ದಿನ ಆ ಪದ ಹಿಡಿದು ಹಿಂದಕ್ಕೆ ಹೋಗಿ. 18ನೇ ಅಧ್ಯಾಯ, 18ನೇ ವಚನ. ಮಹಾಯಾಜಕನ ಅಂಗಳ, ಚಳಿ, ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತ ಪೇತ್ರ. ಯೇಸುವಿನ ಶಿಷ್ಯ ನಾನಲ್ಲ ಎಂದು ಅವನು ಹೇಳಿದ ರಾತ್ರಿ ಅದು. ಇದ್ದಲ ಬೆಂಕಿಗೆ ಗ್ರೀಕಿನಲ್ಲಿರುವ 'ಅಂತ್ರಕಿಯ' ಅನ್ನುವ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಮೂರು ಸಲ ಅಲ್ಲ ಎಂದವನನ್ನು ಯೇಸು ಅಂಥದೇ ಬೆಂಕಿಯ ಹತ್ತಿರ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ?" ಎಂದು ಕೇಳಿದ್ದು.

ಇಲ್ಲಿ ಪ್ರೀತಿಗೆ ಗ್ರೀಕಿನಲ್ಲಿ ಎರಡು ಪದ ಇವೆ. ಅದರ ಮೇಲೆ ಬಹಳ ಪ್ರಸಂಗ ಕೇಳಿದ್ದೇನೆ. ಆದರೆ ತಂದೆ ಮಗನನ್ನು ಪ್ರೀತಿಸುತ್ತಾನೆ ಎನ್ನಲು ಯೋಹಾನ 3:35ರಲ್ಲಿ ಒಂದು ಪದ ಬಳಸುತ್ತಾನೆ, 5:20ರಲ್ಲಿ ಇನ್ನೊಂದು. ಹಾಗಾಗಿ ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ. 15ನೇ ವಚನದ ಶುರುವಿನಲ್ಲಿ ನಿಲ್ಲಿ. ಮಾತು ಶುರುವಾಗುವುದು ಊಟ ಆದ ಮೇಲೆ. ರಾತ್ರಿಯಿಡೀ ಬಲೆ ಬೀಸಿ ಬಂದವರಿಗೆ ಮೊದಲು ಬಿಸಿ ಬಿಸಿ ಮೀನು, ರೊಟ್ಟಿ. ಯಾಕೆ ಹಾಗೆ ಮಾಡಿದೆ ಅನ್ನುವ ಪ್ರಶ್ನೆಯೇ ಇಲ್ಲ.

ನಾಲ್ಕನೇ ದಿನದಿಂದ ಪ್ರಾರ್ಥನೆ. ಸೀಮೋನ (ಪೇತ್ರನ ಇನ್ನೊಂದು ಹೆಸರು) ಎಂದಿರುವ ಕಡೆ ನಿಮ್ಮ ಹೆಸರಿಟ್ಟು ಆ ಪ್ರಶ್ನೆ ಓದಿ, ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಯಾರದಾದರೂ ಮುಖ ಮನಸ್ಸಿಗೆ ಬಂದರೆ ತಳ್ಳಿಹಾಕಬೇಡಿ. ಯೇಸು ಪೇತ್ರನಿಗೆ "ನನ್ನ ಕುರಿಗಳನ್ನು ಮೇಯಿಸು" ಎಂದದ್ದು ಅವರ ವಿಷಯವೂ ಇರಬಹುದು.

ನನಗೆ ಬಂದದ್ದು ತಮ್ಮನ ಮುಖ. ಪಾಲಿನ ಜಗಳವಾಗಿ ಎರಡು ವರ್ಷ ಮಾತಿರಲಿಲ್ಲ. ಆ ಭಾನುವಾರ ಆರಾಧನೆ ಮುಗಿದ ಮೇಲೆ ಅವನನ್ನು ಊಟಕ್ಕೆ ಕರೆದೆ. ಮೀನು ಸಾರು ಮಾಡಿದ್ದೆ. ಅವನು ಉಂಡು ಕೈ ತೊಳೆಯುವ ತನಕ ಜಮೀನಿನ ಸುದ್ದಿ ಎತ್ತಲಿಲ್ಲ. ಆಮೇಲೆ ಅವನೇ ಮಾತು ತೆಗೆದ.